ಡ್ರೈವರಣ್ಣನ ನೂರಾ ಅರವತ್ತು ಕಿಲೋಮೀಟರು

ಮೊದಲ ದಿನವೇ ನನಗೆ ತಲೆ ಕೆಟ್ಟುಹೋಯಿತು. ಬೆಳಗಿನ ಐದೂವರೆ, ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಮುಂದೆ ಸೈಕಲ್ಲಿನ ಮೇಲೆ ನಮ್ಮ ಡ್ರೈವರಣ್ಣ, ಹಿಂದೆ ಸ್ಕೂಟರಿನ ಮೇಲೆ ನಾನು. ಇನ್ನೂ ಒಂದು ಕಿಲೋಮೀಟರೂ ಆಗಿರಲಿಲ್ಲ, ಅಷ್ಟರಲ್ಲಿ ಅವರು ನಿಧಾನ ಮಾಡಿ, ಕೈ ತೋರಿಸಿ, ರಸ್ತೆಯಂಚಿಗೆ ಬಂದು, ಕಾಲು ಕೆಳಗಿಟ್ಟು ನಿಂತುಬಿಟ್ಟರು. ಎದೆನೋವೇನಾದರೂ ಬಂತೇನೋ ಎಂದು ಗಾಬರಿಬಿದ್ದು ಪಕ್ಕಕ್ಕೆ ಹೋದೆ.

“ಏನಾಯ್ತಣ್ಣ?”

“ಸ್ಟಾಪ್ ಬಂತಲ್ಲ.”

ತಿರುಗಿ ನೋಡಿದರೆ ನಿಜವಾಗಿಯೂ ಬಸ್ ಸ್ಟಾಪು. ತಗಡಿನ ಚಾವಣಿ, ಒಂದು ಕಾಲು ಮುರಿದ ಬೆಂಚು, ಬೆಂಚಿನ ಮೇಲೆ ಮಲಗಿದ್ದ ನಾಯಿ. ನಾಯಿ ಒಂದು ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಿತು.

“ಅಣ್ಣ, ಇದು ಸೈಕಲ್ಲು.”

“ಗೊತ್ತು ಕಣಮ್ಮ. ಕಾಲು ತಾನಾಗೇ ನಿಂತ್ಬಿಡ್ತು.”

ಹಾಗೆಂದವರು ಹೊರಡಬೇಕೋ ಬೇಡವೋ? ಅಲ್ಲೇ ನಿಂತಿದ್ದಾರೆ, ಪೆಡಲ್ ತುಳಿಯುವ ಲಕ್ಷಣವೇ ಇಲ್ಲ. ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಈ ಮಹಾನುಭಾವರು ನನ್ನ ಬಾಯಿ ಕಾಯುತ್ತಿದ್ದಾರೆ!

“ರೈಟ್!” ಎಂದು ಕಿರುಚಿದೆ. ಹೊರಟರು.

ಆ ದಿನ ಎಂಟು ಕಿಲೋಮೀಟರಿನಲ್ಲಿ ಹದಿನಾಲ್ಕು ಸಲ ನಿಂತರು. ಹದಿನಾಲ್ಕು ಸಲವೂ ನಾನು ರೈಟ್ ಹೇಳಿದೆ. ಹಾಲಿನ ಗಾಡಿಯವನೊಬ್ಬ ನಮ್ಮನ್ನು ನೋಡಿ ನಗುತ್ತಾ ಹೋದ. ನಗದೆ ಇನ್ನೇನು ಮಾಡುತ್ತಾನೆ?

ನಾನು ಕಂಡಕ್ಟರ್. ಡ್ರೈವರಣ್ಣ ಸ್ಟೀರಿಂಗ್ ಹಿಡಿದು ಇಪ್ಪತ್ತೆಂಟು ವರ್ಷವಾಯಿತು, ಅದರಲ್ಲಿ ಕೊನೆಯ ಹನ್ನೊಂದು ವರ್ಷ ಅವರ ಬಸ್ಸಿನಲ್ಲಿ ಚೀಲ ನೇತುಹಾಕಿಕೊಂಡು ನಿಂತವಳು ನಾನೇ. ಮುಖ್ಯ ನಿಲ್ದಾಣದಿಂದ ಹಳೇ ಗಿರಣಿಯವರೆಗೆ ಮೂವತ್ತೊಂದು ಸ್ಟಾಪು, ದಿನಕ್ಕೆ ಆರು ಟ್ರಿಪ್ಪು. ಈ ಮನುಷ್ಯನ ಹಿಂದಲೆಯನ್ನು ನೋಡಿದಷ್ಟು ಹೊತ್ತು ನಾನು ನನ್ನ ಗಂಡನ ಮುಖವನ್ನೂ ನೋಡಿಲ್ಲ. ಡಿಪೋದಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಡಿಯಾರ ಎಂದು. ಸುಮ್ಮನೆ ಬಂದ ಹೆಸರಲ್ಲ ಅದು.

ಬಸ್ಸಿನವರ ಲೋಕದಲ್ಲಿ ತಡವಾಗುವುದು ತಪ್ಪು, ಆದರೆ ಟೈಮಿಗೆ ಮೊದಲೇ ಹೊರಡುವುದು ಪಾಪ. ಅದಕ್ಕೆ ನಾವು ಬಿಫೋರ್ ಟೈಮ್ ಎನ್ನುತ್ತೇವೆ. ಏಳು ನಲವತ್ತೆರಡರ ಬಸ್ಸು ಏಳು ನಲವತ್ತಕ್ಕೇ ಹೋಗಿಬಿಟ್ಟರೆ, ಆ ಟೈಮನ್ನು ನಂಬಿಕೊಂಡು ಮನೆಯಿಂದ ಹೊರಟವರ ಗತಿಯೇನು? “ಲೇಟಾದ್ರೆ ಬೈಕೊಂಡಾದ್ರೂ ಹತ್ಕೋತಾರೆ. ಬಿಫೋರ್ ಟೈಮ್ ಹೋದ್ರೆ ಬೈಯೋಕೂ ನಾವು ಸಿಗಲ್ಲ,” ಎಂದು ಡ್ರೈವರಣ್ಣ ಹೊಸ ಡ್ರೈವರುಗಳಿಗೆ ಹೇಳುವುದನ್ನು ನೂರು ಸಲ ಕೇಳಿದ್ದೇನೆ. ರಸ್ತೆ ಖಾಲಿಯಿದ್ದು ಎರಡು ನಿಮಿಷ ಮೊದಲೇ ಬಂದೆವೋ, ಎಂಜಿನ್ ಆರಿಸಿ ಕೈ ಕಟ್ಟಿ ಕೂತುಬಿಡುತ್ತಾರೆ. ಪ್ರಯಾಣಿಕರು ಗೊಣಗಲಿ, ಹಲ್ಲು ಕಡಿಯಲಿ, ಟೈಮಾಗದೆ ಬಸ್ಸು ಅಲ್ಲಾಡುವುದಿಲ್ಲ.

ಇಂಥವರು ಐವತ್ತನಾಲ್ಕನೇ ವಯಸ್ಸಿನಲ್ಲಿ, ಸ್ಟೀರಿಂಗಿಗೆ ತಾಗುವ ಹೊಟ್ಟೆ ಇಟ್ಟುಕೊಂಡು, ಸೈಕಲ್ ಹತ್ತಿದ್ದು ಮಗಳಿಗೋಸ್ಕರ.

ಮಗಳಿಗೆ ಇಪ್ಪತ್ತೊಂದು. ಮನೆಯಲ್ಲಿ ಪುಟ್ಟಿ ಎನ್ನುತ್ತಾರೆ, ಹಾಗೆ ಕರೆದರೆ ಅವಳಿಗೆ ಪಿತ್ತ ನೆತ್ತಿಗೇರುತ್ತದೆ. ಹುಟ್ಟಿದಾಗಿನಿಂದ ಕಾಲಿನಲ್ಲಿ ಶಕ್ತಿಯಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ನಾಲಿಗೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಅವರ ಮನೆ ಇರುವುದು ನಮ್ಮ ಹನ್ನೆರಡನೇ ಸ್ಟಾಪಿನ ಎದುರಿಗೇ. ಅಪ್ಪನ ಬಸ್ಸು ದಿನಾ ಬಾಗಿಲ ಮುಂದೆ ಬಂದು ನಿಲ್ಲುತ್ತದೆ, ಮಗಳು ಕಿಟಕಿಯಲ್ಲಿ ಕೂತು ನೋಡುತ್ತಾಳೆ. ಹತ್ತುವುದಿಲ್ಲ. ಬಸ್ಸಿಗೆ ಮೂರು ಮೆಟ್ಟಿಲು, ಒಂದೊಂದೂ ಒಂದಡಿ ಎತ್ತರ.

ಚಿಕ್ಕವಳಿದ್ದಾಗ ಅಪ್ಪ ಎತ್ತಿಕೊಂಡು ಹತ್ತಿಸುತ್ತಿದ್ದರಂತೆ. ಹನ್ನೆರಡು ವರ್ಷದವಳಿದ್ದಾಗ ಒಂದು ದಿನ ಹಾಗೆ ಹತ್ತಿಸುವಾಗ ಯಾವಳೋ ಒಬ್ಬಳು “ಅಯ್ಯೋ ಪಾಪ” ಎಂದು ಅವಳ ಅಂಗೈಗೆ ಒಂದು ನಾಣ್ಯ ಒತ್ತಿದಳು. ಹುಡುಗಿ ಆ ನಾಣ್ಯವನ್ನು ಕಿಟಕಿಯಾಚೆ ಎಸೆದಳು. ಮನೆಗೆ ಬಂದು, “ಇನ್ಮೇಲೆ ನನ್ನನ್ನ ಮೂಟೆ ಥರ ಯಾರೂ ಎತ್ತಬಾರ್ದು” ಎಂದಳು. ಅಲ್ಲಿಂದ ಒಂಬತ್ತು ವರ್ಷ ಅವಳು ಬಸ್ಸಿನ ಹತ್ತಿರ ಸುಳಿದಿಲ್ಲ.

ಗಿರಣಿಗೆ ಎರಡು ಸ್ಟಾಪ್ ಮೊದಲು ಒಂದು ತರಬೇತಿ ಕೇಂದ್ರವಿದೆ. ಅಲ್ಲಿ ಅವಳು ಕನ್ನಡಕದ ಕೆಲಸ ಕಲಿಯುತ್ತಿದ್ದಳು. ಯಂತ್ರದ ಮುಂದೆ ಕೂತು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಗಾಜು ಬಿರುಕು ಬಿಡುತ್ತದೆ. ನನ್ನ ಕನ್ನಡಕ ಅವಳು ಮಾಡಿದ್ದೇ. ಎರಡು ವರ್ಷದ ತರಬೇತಿಯಲ್ಲಿ ಒಂದೂವರೆ ವರ್ಷ ಮುಗಿದಿತ್ತು. ಅಷ್ಟರಲ್ಲಿ ಅವಳನ್ನು ಕರೆದೊಯ್ಯುತ್ತಿದ್ದ ಕೇಂದ್ರದವರ ಹಳೇ ವ್ಯಾನು ತಳವೇ ತುಕ್ಕು ಹಿಡಿದು ನೆಲ ಕಚ್ಚಿತು. ದಿನಾ ಬಾಡಿಗೆ ಗಾಡಿ ಮಾಡಿದರೆ ಅಪ್ಪನ ಸಂಬಳ ಗಾಡಿಯವನ ಮನೆಗೇ ಸರಿ. ಏಳು ತಿಂಗಳಿಂದ ಹುಡುಗಿ ಮನೆಯಲ್ಲಿ. ಹೊಸ ತಂಡ ಶುರುವಾಗುವ ದಿನ ಬಾರದಿದ್ದರೆ ಅವಳ ಯಂತ್ರವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಕೇಂದ್ರದಿಂದ ಕಾಗದ ಬಂತು. ತುಂಬಾ ನಯವಾದ ಕಾಗದ. ಓದಿದರೆ ಮೈ ಉರಿಯುತ್ತದೆ.

ಆಗ ಬಂದದ್ದು ಈ ಸೈಕಲ್ ಸವಾರಿ. ಕೇಂದ್ರಕ್ಕೆ ಹೊಸ ವ್ಯಾನ್ ಕೊಡಿಸಲು ಸೈಕಲ್ ಅಂಗಡಿಯ ಯಜಮಾನ ಏರ್ಪಡಿಸಿದ್ದು. ವ್ಯಾನ್ ಕೊಡುವವನು ಒಬ್ಬ ಟೈರ್ ವ್ಯಾಪಾರಿ, ಅವನದೊಂದು ಷರತ್ತು: ನೂರಾ ಅರವತ್ತು ಕಿಲೋಮೀಟರನ್ನು ಹತ್ತೂವರೆ ಗಂಟೆಯೊಳಗೆ ನಲವತ್ತು ಜನ ಮುಗಿಸಬೇಕು. ಮುಗಿಸಿದರೆ ಗಾಲಿಕುರ್ಚಿ ಸೀದಾ ಒಳಗೆ ಹೋಗುವಂಥ ವ್ಯಾನು. ಒಬ್ಬ ಕಡಿಮೆಯಾದರೂ ಬರೀ ಚಪ್ಪಾಳೆ. ಕೊಡುವವನಿಗೆ ಮನಸ್ಸಿದ್ದರೆ ಸುಮ್ಮನೆ ಕೊಡಲಿ, ಜನರ ಬೆವರು ಯಾಕೆ ಬೇಕು ಎಂದು ನಾನು ಆ ಯಜಮಾನನನ್ನು ಕೇಳಿದೆ. “ಷರತ್ತಿಲ್ಲದಿದ್ರೆ ಯಾರೂ ತುಳಿಯಲ್ಲ ಮೇಡಂ,” ಎಂದ.

ಮಗಳಂತೂ ಮೂಗು ಮುರಿದಳು. “ಬಸ್ಸಿಗೆ ಮೂರು ಮೆಟ್ಟಿಲು ಕಡಿಮೆ ಮಾಡೋಕಾಗಲ್ಲ, ಅದಕ್ಕೆ ಊರವರೆಲ್ಲ ಸೈಕಲ್ ತುಳೀತಾರಂತೆ. ಎಂಥ ಬುದ್ಧಿ ಅತ್ತೆ ಈ ಲೋಕದ್ದು!” ನಾನು ಅವರಪ್ಪನನ್ನು ಅಣ್ಣ ಎನ್ನುವುದರಿಂದ ನಾನು ಅವಳಿಗೆ ಅತ್ತೆ. ಆದರೆ ಡ್ರೈವರಣ್ಣ ಆಗಲೇ ಹೆಸರು ಕೊಟ್ಟಾಗಿತ್ತು. ನನ್ನನ್ನು ಇದರೊಳಗೆ ಎಳೆದದ್ದು ಅವರ ಹೆಂಡತಿ. “ನಿಮ್ಮಣ್ಣಂಗೆ ಒಂಟಿಯಾಗಿ ಗಾಡಿ ಓಡಿಸಿ ಅಭ್ಯಾಸ ಇಲ್ಲ. ಹಿಂದೆ ನೀನಿದ್ರೆ ಹೋಗ್ತಾರೆ,” ಎಂದರು ಅತ್ತಿಗೆ. ಮಾತು ತೆಗೆದುಹಾಕಲಾಗಲಿಲ್ಲ. ನನ್ನ ಎರಡು ತಿಂಗಳ ಬೆಳಗಿನ ನಿದ್ದೆ ಅಲ್ಲಿಗೆ ಮಣ್ಣುಪಾಲಾಯಿತು.

ಇಬ್ಬರೂ ಮಧ್ಯಾಹ್ನದ ಶಿಫ್ಟು ಕೇಳಿ ತೆಗೆದುಕೊಂಡೆವು. ಡಿಪೋದ ಮೆಕ್ಯಾನಿಕ್ ತನ್ನ ಭಾವನ ಸೈಕಲ್ಲನ್ನು ಎರವಲು ತಂದುಕೊಟ್ಟ. ಎರಡನೇ ದಿನ ಡ್ರೈವರಣ್ಣನಿಗೆ ಕನ್ನಡಿ ಬೇಕಾಯಿತು, ಇಲ್ಲದಿದ್ದರೆ ಕುತ್ತಿಗೆ ತಿರುಗಿಸಿ ತಿರುಗಿಸಿ ಸೈಕಲ್ಲು ಚರಂಡಿಗಿಳಿಯುತ್ತಿತ್ತು. ಮೆಕ್ಯಾನಿಕ್ ಎರಡು ಕನ್ನಡಿ ಕೂರಿಸಿದ. ಸೈಕಲ್ಲಿನ ಸೀಟು ಕಚ್ಚಿ ಮೂರು ದಿನ ಬಸ್ಸಿನಲ್ಲಿ ದಿಂಬಿನ ಮೇಲೆ ಕೂತು ಓಡಿಸಿದರು. ಏರಿನಲ್ಲಿ ಏದುಸಿರು, ಇಳಿಜಾರಿನಲ್ಲಿ ಬ್ರೇಕು, ಒಂದು ಎಮ್ಮೆ ಎದುರಾದರೂ ಕೈ ಅಡ್ಡ ಹಿಡಿದು ಅದಕ್ಕೆ ದಾರಿ ಬಿಡುವ ಶಿಸ್ತು.

ಸ್ಟಾಪಿನ ಕಾಯಿಲೆ ಮಾತ್ರ ಹೋಗಲಿಲ್ಲ. ಬೈದೆ, ಬೇಡಿಕೊಂಡೆ. “ಅಣ್ಣ, ಕಣ್ಮುಚ್ಕೊಂಡು ಹೋಗಿ” ಎಂದರೆ, “ಕಣ್ಮುಚ್ಚಿದ್ರೂ ಗೊತ್ತಾಗುತ್ತಲ್ಲ ತಾಯಿ” ಎನ್ನುತ್ತಾರೆ. ಒಂದು ದಿನ ನಾನು ಹಟ ಹಿಡಿದು ರೈಟ್ ಹೇಳಲೇ ಇಲ್ಲ. ಐದು ನಿಮಿಷ ನಿಂತರು. ಆಮೇಲೆ ತಾವೇ ಮೆಲ್ಲಗೆ, ಕದ್ದು ಓಡುವವರ ಹಾಗೆ ಹೊರಟರು. ಮುಂದಿನ ಸ್ಟಾಪಿನಲ್ಲಿ ಮತ್ತೆ ನಿಂತರು. ನನಗೆ ಅಳು ಬಂದುಬಿಟ್ಟಿತು. ಸ್ಕೂಟರು ನಿಲ್ಲಿಸಿ ಅಲ್ಲೇ ಬೆಂಚಿನ ಮೇಲೆ ಕೂತೆ.

ಕೊನೆಗೆ ದಾರಿ ಬದಲಿಸಿದೆವು. ಗೋದಾಮುಗಳ ಹಿಂದೆ ಕಾಲುವೆಯ ಪಕ್ಕ ಲಾರಿಗಳು ಓಡಾಡುವ ರಸ್ತೆಯೊಂದಿದೆ, ಅಲ್ಲಿ ಯಾವ ಬಸ್ಸೂ ಹೋಗುವುದಿಲ್ಲ. ಅಲ್ಲಿ ಮನುಷ್ಯ ಸರಾಗವಾಗಿ ಹೋದರು. ಇಪ್ಪತ್ತು ಕಿಲೋಮೀಟರು, ಮೂವತ್ತು, ವಾರದ ರಜೆಯ ದಿನ ಅರವತ್ತು. ಮೂರು ವಾರವಾದ ಮೇಲೆ ಸ್ಟಾಪು ಇರುವ ರಸ್ತೆಗೆ ವಾಪಸು ತಂದು ನೋಡಿದೆ. ಪ್ರತಿ ಸ್ಟಾಪಿನಲ್ಲೂ ಭುಜ ಒಂದಿಷ್ಟು ಆ ಕಡೆ ವಾಲುತ್ತಿತ್ತು, ಸೈಕಲ್ಲು ನಿಲ್ಲುತ್ತಿರಲಿಲ್ಲ. ನಾನು ಸ್ಕೂಟರಿನ ಮೇಲೆ ಕೂತೇ ಚಪ್ಪಾಳೆ ಹೊಡೆದೆ.

ಮನೆಗೆ ಬಂದಾಗ ಮಗಳು ಕಿಟಕಿಯಿಂದ, “ಇವತ್ತು ಎಷ್ಟು?” ಎಂದು ಕೇಳುತ್ತಿದ್ದಳು. ಸವಾರಿಯನ್ನು ಆಡಿಕೊಂಡವಳೇ ಕೇಳುತ್ತಿದ್ದಳು. “ಎಪ್ಪತ್ತೆರಡು” ಎಂದರೆ, “ಇನ್ನೂ ಅರ್ಧಾನೂ ಇಲ್ಲ” ಎಂದು ಮುಖ ತಿರುಗಿಸುವಳು. ಮುಖ ತಿರುಗಿಸಿದ್ದು ನಗುವನ್ನು ಬಚ್ಚಿಡಲಿಕ್ಕೆ ಎಂದು ನನಗೆ ಗೊತ್ತಿತ್ತು.

ಸವಾರರ ಸಭೆಗೆ ನಾವು ಹೋಗಲಾಗಲಿಲ್ಲ, ಡ್ಯೂಟಿಯಿತ್ತು. ಸೈಕಲ್ ಅಂಗಡಿಯಿಂದ ಕಾರ್ಡನ್ನು ನಾನೇ ತಂದೆ. ದಪ್ಪ ಹಳದಿ ಕಾರ್ಡು. ಐದು ಜಾಗಗಳ ಹೆಸರು, ಎದುರಿಗೆ ಐದು ಟೈಮು. ಹೊರಡುವುದು ಆರಕ್ಕೆ, ಆಮೇಲೆ ಎಂಟು ಐದು, ಹತ್ತು ಹತ್ತು, ಹನ್ನೆರಡು ಇಪ್ಪತ್ತು, ಎರಡು ಇಪ್ಪತ್ತೈದು, ಕೊನೆಗೆ ನಾಲ್ಕೂವರೆ. ಹಿಂಬದಿಯಲ್ಲಿ ಸಣ್ಣಕ್ಷರದ ನಿಯಮಗಳು. ಹೆಲ್ಮೆಟ್ಟು, ನೀರಿನ ಬಾಟಲಿ ಎಂದು ಮೊದಲೆರಡು ಸಾಲು ಓದಿ ಬಿಟ್ಟೆ. ಇಂಥ ಕಾಗದ ನಮ್ಮ ಕೈಗೆ ದಿನಾ ಬರುತ್ತದೆ: ಜಾಗ, ಎದುರಿಗೆ ಟೈಮು. ಅದರಲ್ಲಿ ತಿಳಿಯದ್ದೇನಿದೆ?

“ತಗೊಳ್ಳಣ್ಣ, ಶೆಡ್ಯೂಲ್ ಬಂತು,” ಎಂದೆ.

ಡ್ರೈವರಣ್ಣ ಅದನ್ನು ಬೆಳಕಿಗೆ ಹಿಡಿದು, ಟ್ರಿಪ್ ಶೀಟ್ ಓದುವ ಹಾಗೆ ತುಟಿ ಅಲ್ಲಾಡಿಸುತ್ತಾ ಓದಿದರು. “ಒಳ್ಳೆ ಟೈಮ್ ಕೊಟ್ಟಿದ್ದಾರೆ ಕಣಮ್ಮ. ಆರಾಮಾಗಿ ಓಡಿಸಬಹುದು.” ಆ ಕ್ಷಣ ಅವರ ಮುಖದಲ್ಲಿ ಅಷ್ಟು ದಿನ ಕಾಣದ ನೆಮ್ಮದಿ ಕಂಡಿತು. ಸೈಕಲ್ಲು ಅವರಿಗೆ ಗೊತ್ತಿರಲಿಲ್ಲ. ಶೆಡ್ಯೂಲು ಗೊತ್ತಿತ್ತು.

ಉಳಿದ ಮೂರು ವಾರ ಕಾರ್ಡಿನ ಪ್ರಕಾರವೇ ಅಭ್ಯಾಸ. ಆರಕ್ಕೆ ಹೊರಟು ಮೂವತ್ತೆರಡು ಕಿಲೋಮೀಟರ್ ದೂರದ ನೀರಿನ ಟ್ಯಾಂಕಿಗೆ ಎಂಟು ಐದು. ಒಂದು ದಿನ ಎಂಟಕ್ಕೇ ಮುಟ್ಟಿದೆವು. ಡ್ರೈವರಣ್ಣ ಸೈಕಲ್ಲನ್ನು ಟ್ಯಾಂಕಿಗೆ ಒರಗಿಸಿ, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ಕೂತರು. ನಾನೂ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿದೆ. ಎಂಟು ಐದಾಯಿತು. “ರೈಟ್” ಎಂದೆ, ಹೊರಟರು. ಇದರಲ್ಲಿ ತಪ್ಪೇನಿದೆ ಎಂದು ನನಗೆ ಎಳ್ಳಷ್ಟೂ ಅನ್ನಿಸಲಿಲ್ಲ. ಕೊನೆಯ ವಾರವಂತೂ ನಿಮಿಷಕ್ಕೆ ನಿಮಿಷ ಕೂರಿಸಿದ್ದರು, ನಾನು ಹೆಮ್ಮೆಯಿಂದ ಬೀಗುತ್ತಿದ್ದೆ.

ಸವಾರಿಯ ದಿನ ಹೊರಟವರು ಅರವತ್ತೆರಡು ಜನ. ಮೈಗಂಟಿದ ಬಣ್ಣಬಣ್ಣದ ಬಟ್ಟೆ, ತೂಕವೇ ಇಲ್ಲದಂಥ ಸೈಕಲ್ಲುಗಳು. ನಡುವೆ ನಮ್ಮವರು ಖಾಕಿ ಪ್ಯಾಂಟನ್ನು ಮಡಚಿ ಕಟ್ಟಿಕೊಂಡು, ಎರಡು ಕನ್ನಡಿಯ ಸೈಕಲ್ಲಿನ ಮೇಲೆ. ಬಾವುಟ ಬೀಸಿದ್ದೇ ತಡ ಎಲ್ಲರೂ ಚಿಮ್ಮಿದರು. ಡ್ರೈವರಣ್ಣ ನನ್ನ ಕಡೆ ತಿರುಗಿ, “ಈ ಹುಡುಗ್ರೆಲ್ಲ ಬಿಫೋರ್ ಟೈಮ್ ಪಾರ್ಟಿ,” ಎಂದು ನಕ್ಕು, ಕನ್ನಡಿ ಸರಿಮಾಡಿಕೊಂಡು ಹೊರಟರು.

ಹಿಂದೆ ಗಾಡಿ ಹೋಗುವಂತಿಲ್ಲ ಎಂದು ಅಲ್ಲಿದ್ದವರು ಹೇಳಿದರು. ನಾನು ಮಧ್ಯಾಹ್ನ ಸೀದಾ ಮುಕ್ತಾಯದ ಮೈದಾನಕ್ಕೆ ಹೋಗಿ ಕಾದೆ. ಕರಿಹಲಗೆಯ ಮೇಲೆ ಸೈಕಲ್ ಅಂಗಡಿಯ ಯಜಮಾನ ಬಂದವರ ಲೆಕ್ಕ ಬರೆಯುತ್ತಿದ್ದ. ಒಂದೂವರೆಗೇ ಮೊದಲನೆಯವನು ಬಂದ. ಮೂರಕ್ಕೆ ಹದಿನೆಂಟು. ನಾಲ್ಕಕ್ಕೆ ಮೂವತ್ತೊಂದು. ಗಾಳಿ ತಿರುಗಿತ್ತು, ಬಂದವರೆಲ್ಲ ಕೊನೆಯ ಹಂತದಲ್ಲಿ ಎದುರುಗಾಳಿ ಎಂದು ಹುಲ್ಲಿನ ಮೇಲೆ ಬೀಳುತ್ತಿದ್ದರು. ನಾಲ್ಕೂ ಇಪ್ಪತ್ತೊಂದಕ್ಕೆ ಮೂವತ್ತೊಂಬತ್ತು.

ಮಗಳಿಂದ ಫೋನು. “ಬಂದ್ರಾ?”

“ಬರ್ತಾರಮ್ಮ. ನಿಮ್ಮಪ್ಪ ಯಾವತ್ತಾದ್ರೂ ಟೈಮ್ ತಪ್ಪಿದ್ದಾರಾ?”

“ಎಷ್ಟಾಗಿದೆ ಲೆಕ್ಕ?”

“ಮೂವತ್ತೊಂಬತ್ತು.”

ಅವಳು ಫೋನ್ ಇಡಲಿಲ್ಲ. ನಾನು ಮೈದಾನದ ಗೇಟಿನ ಕಡೆ ನೋಡುತ್ತಾ ನಿಂತೆ. ನಾಲ್ಕೂ ಇಪ್ಪತ್ತೈದು. ನಾಲ್ಕೂ ಇಪ್ಪತ್ತೆಂಟು. ಟೈರ್ ವ್ಯಾಪಾರಿಯ ಕಡೆಯವನೊಬ್ಬ ಮೊಬೈಲ್ ಹಿಡಿದು ಸೆಕೆಂಡು ಎಣಿಸುತ್ತಿದ್ದ. ನಾಲ್ಕೂವರೆಗೆ ಸೀಟಿ ಊದಿದ.

ಡ್ರೈವರಣ್ಣ ಬಂದದ್ದು ನಾಲ್ಕೂ ಮೂವತ್ತೆಂಟಕ್ಕೆ. ಮುಖ ಸುಟ್ಟು ಕಪ್ಪಾಗಿತ್ತು, ತುಟಿ ಒಡೆದಿತ್ತು. ಕೊನೆಯ ಹಂತದಲ್ಲಿ ರೈಲ್ವೆ ಗೇಟು ಬಿದ್ದು, ಗೂಡ್ಸ್ ಗಾಡಿ ಹೋಗುವ ತನಕ ಒಂಬತ್ತು ನಿಮಿಷ ನಿಲ್ಲಬೇಕಾಯಿತಂತೆ. ಆಮೇಲೆ ಗಾಳಿ.

ನಾನು ಆ ಯಜಮಾನನ ಮೇಲೆ ಏರಿಹೋದೆ. “ಗೇಟ್ ಬಿದ್ರೆ ಅವರ ತಪ್ಪಾ? ಎಂಟು ನಿಮಿಷಕ್ಕೆ ಒಂದು ಹುಡುಗಿ ಮನೇಲಿ ಕೂರ್ಬೇಕಾ? ನೀವೇನು ಮನುಷ್ಯರಾ?” ಅವನು ಕೈಚೆಲ್ಲಿದ. ಪಾಪ, ಅವನ ಕಣ್ಣಲ್ಲೂ ನೀರಿತ್ತು. ಟೈರಿನವನು ಮಾತ್ರ ಮೊಬೈಲ್ ತೋರಿಸಿದ. ಆಗ ಡ್ರೈವರಣ್ಣ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು.

“ಬಿಡಮ್ಮ. ಟೈಮ್ ಅಂದ್ರೆ ಟೈಮು.”

ಆ ಮಾತು ಕೇಳಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಅವರ ಕೆನ್ನೆಗೊಂದು ಬಿಡಬೇಕೆನ್ನಿಸಿತು. ಜಗಳಕ್ಕಾದರೂ ನನ್ನ ಪಕ್ಕ ನಿಲ್ಲಬಾರದೇ?

ಅಷ್ಟರಲ್ಲಿ ಮೂರನೇ ಜಾಗದಲ್ಲಿ ಕಾರ್ಡಿಗೆ ಮುದ್ರೆ ಹಾಕುತ್ತಿದ್ದ ಕಾಲೇಜು ಹುಡುಗಿ ಜೀಪಿನಿಂದ ಇಳಿದು ಬಂದಳು. “ಅಂಕಲ್, ಕಾಲು ಸರಿಹೋಯ್ತಾ?” ಎಂದಳು.

“ಕಾಲಿಗೇನಾಗಿತ್ತು?” ಎಂದೆ ನಾನು.

“ಇಲ್ಲ, ಹದಿನೇಳು ನಿಮಿಷ ಕೂತಿದ್ರಲ್ಲ. ಹೋಗಿ ಅಂಕಲ್ ಅಂದೆ. ಇನ್ನೂ ಟೈಮಾಗಿಲ್ಲಮ್ಮ ಅಂದ್ರು. ಸುಸ್ತಾಗಿದೆ, ನಾಚಿಕೆಗೆ ಹಾಗಂತಾರೆ ಅಂದ್ಕೊಂಡೆ.”

ಬೆಳಗ್ಗೆ ಗಾಳಿ ಬೆನ್ನಿಗಿತ್ತು. ಪ್ರತಿ ಜಾಗಕ್ಕೂ ಡ್ರೈವರಣ್ಣ ಮೊದಲೇ ಮುಟ್ಟಿದ್ದರು. ಮೊದಲನೆಯದರಲ್ಲಿ ನಾಲ್ಕು ನಿಮಿಷ ಕೂತರು, ಎರಡನೆಯದರಲ್ಲಿ ಆರು, ಮೂರನೆಯದರಲ್ಲಿ ಹದಿನೇಳು, ನಾಲ್ಕನೆಯದರಲ್ಲಿ ಏಳು. ಗಟ್ಟಿಮುಟ್ಟಾಗಿದ್ದ ಮನುಷ್ಯ, ಎದುರಿಗೆ ಖಾಲಿ ರಸ್ತೆ ಬಿದ್ದಿರುವಾಗ, ಕೈ ಕಟ್ಟಿಕೊಂಡು ಕೂತರು. ನಾನು ಅವರ ಜೇಬಿನಿಂದ ಹಳದಿ ಕಾರ್ಡನ್ನು ಎಳೆದು ಹಿಂದೆ ತಿರುಗಿಸಿದೆ. ನಾಲ್ಕನೇ ನಿಯಮ: ಎದುರಿಗಿರುವ ಸಮಯ ಆ ಜಾಗವನ್ನು ಮುಚ್ಚುವ ಸಮಯ. ಅದಕ್ಕೆ ಮೊದಲು ಯಾವಾಗ ಬೇಕಾದರೂ ಬಂದು ಮುಂದೆ ಹೋಗಬಹುದು.

ಅರವತ್ತೆರಡು ಜನರಲ್ಲಿ ಇಪ್ಪತ್ತಮೂರು ಜನ ಸೋತರು, ಅವರಲ್ಲಿ ಯಾರಾದರೂ ಒಬ್ಬ ನಲವತ್ತನೆಯವನಾಗಬಹುದಿತ್ತು. ಒಬ್ಬನ ಟೈರು ಒಡೆಯಿತು, ಒಬ್ಬನಿಗೆ ವಾಂತಿಯಾಯಿತು. ಆದರೆ ಟೈಮಾಗಲಿ ಎಂದು ಕಾದು ಸೋತವರು ನಾವು ಮಾತ್ರ. ನಾವು ಎಂದೇ ಹೇಳಬೇಕು. ಕಾರ್ಡ್ ತಂದುಕೊಟ್ಟವಳು ನಾನು, ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಚಹಾ ಬಗ್ಗಿಸಿದವಳು ನಾನು, ರೈಟ್ ಹೇಳಿದವಳೂ ನಾನೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮನೆಯಲ್ಲಿ ಡ್ರೈವರಣ್ಣ ಮಗಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಒಂದು ನಿಮಿಷವನ್ನೂ ಬಚ್ಚಿಡಲಿಲ್ಲ.

“ಹದಿನೇಳು ನಿಮಿಷ ಏನ್ ಮಾಡ್ತಿದ್ದೆ ಅಪ್ಪ?”

“ಕೂತಿದ್ದೆ.”

“ಸುಮ್ನೆ?”

“ಸುಮ್ನೆ.”

“ತಪ್ಪು ನಂದೂ ಇದೆ ಕಣೇ,” ಎಂದೆ ನಾನು.

ಅವಳು ನನ್ನನ್ನು ನೋಡಿದಳು. “ನಿಮ್ಮಿಬ್ಬರನ್ನೂ ಬಸ್ಸಿನ ಜೊತೆ ಡಿಪೋದಲ್ಲೇ ಕಟ್ಟಿಹಾಕ್ಬೇಕು,” ಎಂದು ಕುರ್ಚಿ ತಿರುಗಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹನ್ನೊಂದು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ನಾವು ಬೆಳಗಿನ ಶಿಫ್ಟಿಗೆ ವಾಪಸಾದೆವು. ಕಿಟಕಿ ಮುಚ್ಚಿರುತ್ತಿತ್ತು. ಡ್ರೈವರಣ್ಣ ಹನ್ನೆರಡನೇ ಸ್ಟಾಪಿನಲ್ಲಿ ತಲೆಯನ್ನು ನೆಟ್ಟಗೆ ಇಟ್ಟುಕೊಂಡು, ಆ ಕಡೆ ನೋಡದೆ ನಿಂತು ಹೊರಡುತ್ತಿದ್ದರು. ನನಗೂ ಅವರಿಗೂ ಹೋಲ್ಡಾನ್, ರೈಟ್ ಬಿಟ್ಟು ಬೇರೆ ಮಾತಿಲ್ಲ. ಅವರನ್ನು ಕಂಡರೆ ಸಿಟ್ಟು, ಕನ್ನಡಿಯಲ್ಲಿ ನನ್ನ ಮುಖ ಕಂಡರೆ ಇನ್ನೂ ಸಿಟ್ಟು.

ಹನ್ನೆರಡನೆಯ ದಿನ, ಕೇಂದ್ರದಲ್ಲಿ ಹೊಸ ತಂಡ ಶುರುವಾಗುವ ಸೋಮವಾರ, ಏಳು ನಲವತ್ತೆರಡಕ್ಕೆ ನಾವು ಆ ಸ್ಟಾಪಿಗೆ ಬಂದಾಗ ಜನರ ಸಾಲಿನ ಕೊನೆಯಲ್ಲಿ ಗಾಲಿಕುರ್ಚಿಯಿತ್ತು. ಹಿಂದೆ ಅತ್ತಿಗೆ, ಮುಖ ಬಿಳುಚಿಕೊಂಡು. ಎಲ್ಲರೂ ಹತ್ತಿದರು. ನಾನು ಹಾರಿ ಕೆಳಗಿಳಿದೆ. ಡ್ರೈವರಣ್ಣ ಸೀಟಿನಿಂದ ಅರ್ಧ ಎದ್ದಿದ್ದರು.

“ನೀನು ಸೀಟಲ್ಲೇ ಇರಪ್ಪ,” ಎಂದಳು ಅವಳು. ಹನ್ನೊಂದು ದಿನದ ನಂತರದ ಮೊದಲ ಮಾತು. “ಅತ್ತೆ, ನೀವು ಕುರ್ಚಿ ಹಿಡ್ಕೊಳ್ಳಿ. ನನ್ನನ್ನ ಯಾರೂ ಮುಟ್ಬೇಡಿ.”

ಕುರ್ಚಿಯನ್ನು ಬಾಗಿಲಿಗೆ ತಾಗಿಸಿ, ಬಸ್ಸಿಗೆ ಬೆನ್ನು ಮಾಡಿ, ಕೆಳಗಿನ ಮೆಟ್ಟಿಲಿನ ಮೇಲೆ ಜಾರಿ ಕೂತಳು. ಎರಡೂ ಅಂಗೈಯನ್ನು ಮೇಲಿನ ಮೆಟ್ಟಿಲಿಗೆ ಊರಿದಳು. ತೋಳು ನಡುಗಿತು. ಒಂದು ಸಲ ಎತ್ತಿಕೊಂಡಳು, ಕೈ ಜಾರಿ ಮತ್ತೆ ಕೆಳಗೆ ಕೂತಳು. ಇನ್ನೊಮ್ಮೆ ಊರಿದಳು, ಈ ಸಲ ಮೇಲೆ ಬಂತು. ಆಮೇಲೆ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಇಟ್ಟುಕೊಂಡಳು. ಹಿಂದಿನಿಂದ ಯಾರೋ, “ಟೈಮಾಯ್ತು, ಹೋಗ್ರೀ,” ಎಂದು ಕೂಗಿದ. ಮುಂದಿನ ಸೀಟಿನ ಹೆಂಗಸೊಬ್ಬಳು “ಅಯ್ಯೋ” ಎಂದು ಬಾಯಿ ತೆರೆದಳು. ನಾನು ನೋಡಿದ ನೋಟಕ್ಕೆ ಅಲ್ಲಿಗೇ ಮುಚ್ಚಿಕೊಂಡಳು. ಮೂರನೇ ಮೆಟ್ಟಿಲು. ಆಮೇಲೆ ಕಂಬಿ ಹಿಡಿದು ಜಗ್ಗಿ ಸೀಟಿಗೆ. ಅವಳ ಅಂಗೈ ಕಪ್ಪಾಗಿತ್ತು, ಹಣೆಯ ಮೇಲೆ ಬೆವರು ಸುರಿಯುತ್ತಿತ್ತು, ಮುಖದ ಗಂಟು ಸ್ವಲ್ಪವೂ ಬಿಚ್ಚಿರಲಿಲ್ಲ.

“ಮೂರು ಸ್ಟೂಲು ಜೋಡಿಸ್ಕೊಂಡು, ಹನ್ನೊಂದು ದಿನದಿಂದ ಒಳಗೆ ಇದೇ ಮಾಡ್ತಿದ್ಲು ಕಣೇ,” ಎಂದರು ಅತ್ತಿಗೆ, ಕುರ್ಚಿಯನ್ನು ಮಡಚಿ ನನ್ನ ಕೈಗೆ ಕೊಡುತ್ತಾ. “ಹೇಳಿದ್ರೆ ಸಾಯಿಸ್ಬಿಡ್ತೀನಿ ಅಂದಿದ್ಲು.”

ಡ್ರೈವರಣ್ಣನ ಎರಡೂ ಕೈ ಸ್ಟೀರಿಂಗಿನ ಮೇಲಿತ್ತು. ಕನ್ನಡಿಯಲ್ಲಿ ಅವರ ಕಣ್ಣು ಕಂಡಿತು, ನಾನು ಬೇರೆ ಕಡೆ ನೋಡಿದೆ. ರೈಟ್ ಹೇಳುವ ಬದಲು ಬಸ್ಸಿನ ಮೈ ಬಡಿದೆ, ಹೊರಟರು.

ಅವಳು ಹತ್ತುವುದಕ್ಕೆ ನಾಲ್ಕು ನಿಮಿಷ, ಕೇಂದ್ರದ ಹತ್ತಿರ ಇಳಿಯುವುದಕ್ಕೆ ಎರಡು. ಇವತ್ತಿಗೂ ಅಪ್ಪನ ಜೊತೆ ಅಷ್ಟಕ್ಕಷ್ಟೆ. ಅವಳಿಗೆ ಈ ಹತ್ತುವಿಕೆ ಇಷ್ಟವಿದೆ ಎಂದು ಯಾರೂ ತಿಳಿಯಬೇಡಿ. ದಿನಾ ಬೈದುಕೊಂಡೇ ಹತ್ತುತ್ತಾಳೆ: ಮೆಟ್ಟಿಲನ್ನು, ಬಸ್ಸು ಮಾಡಿದವನನ್ನು, ಟೈರ್ ವ್ಯಾಪಾರಿಯನ್ನು, ನಮ್ಮಿಬ್ಬರನ್ನು. ಮುಂದಿನ ಸ್ಟಾಪುಗಳಲ್ಲಿ ಜನ ವಾಚು ತೋರಿಸಿ ನಮ್ಮನ್ನು ಬೈಯುತ್ತಾರೆ. ಡ್ರೈವರಣ್ಣ ತಲೆ ತಗ್ಗಿಸಿಕೊಂಡು ಬೈಸಿಕೊಳ್ಳುತ್ತಾರೆ. ಕಳೆದುಕೊಂಡ ನಿಮಿಷಗಳನ್ನು ಹಿಡಿಯಲು ಒಂದು ದಿನವೂ ಜೋರಾಗಿ ಓಡಿಸಿಲ್ಲ.

ಮೂರನೇ ವಾರ ಡಿಪೋದಿಂದ ಮೆಮೊ ಬಂತು. ಬೆಳಗಿನ ಟ್ರಿಪ್ಪು ದಿನಾ ಆರು ನಿಮಿಷ ತಡವಾಗುತ್ತಿದೆ, ಕಾರಣ ಬರೆದುಕೊಡಿ ಎಂದು. ಡ್ರೈವರಣ್ಣ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಕೂತು ನನ್ನ ಪೆನ್ನು ಕೇಳಿದರು.

“ರಸ್ತೆ ಅಗೆದಿದ್ದಾರೆ ಅಂತ ಬರೀರಿ. ಎಲ್ಲರೂ ಅದನ್ನೇ ಬರೆಯೋದು,” ಎಂದೆ.

ಅವರು ತಲೆಯಲ್ಲಾಡಿಸಿದರು. ತುಂಬಾ ಹೊತ್ತು ತೆಗೆದುಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಬರೆದರು. ಬರೆದು ನನ್ನ ಕಡೆ ಚಾಚಿದರು.

“ಹನ್ನೆರಡನೇ ನಿಲ್ದಾಣದಲ್ಲಿ ಒಬ್ಬ ಪ್ರಯಾಣಿಕರು ಹತ್ತುತ್ತಾರೆ. ಅವರು ಹತ್ತಿ ಇಳಿಯಲು ಆರು ನಿಮಿಷ ಬೇಕು. ಆದ್ದರಿಂದ ವೇಳಾಪಟ್ಟಿಯನ್ನು ತಿದ್ದಬೇಕಾಗಿ ವಿನಂತಿ.”